ಕುದುರೆ ಹೇಳಿದ್ದು ನಮಗೆ ಕೇಳಿಸಲಿಲ್ಲ

ಕಳೆದ ವರ್ಷ ನಮ್ಮ ಮನೆಯ ಮದುವೆಗೆ ಮಕ್ಕಳದ್ದು ಒಂದೇ ಹಠ, ಮದುಮಗ ಕುದುರೆ ಮೇಲೆ ಬರಬೇಕು ಅಂತ. ಅದು ನಮ್ಮ ಮನೆಯ ಕ್ರಮವೇನೂ ಅಲ್ಲ, ಮೊಬೈಲಿನಲ್ಲಿ ನೋಡಿ ಹುಟ್ಟಿದ ಆಸೆ. ಆದರೂ ಒಪ್ಪಿದೆವು. ಬೀಚಿನಲ್ಲಿ ಮಕ್ಕಳನ್ನು ಕೂರಿಸಿ ಸುತ್ತು ಹಾಕಿಸುವ, ಘಟ್ಟದ ಮೇಲಿನಿಂದ ಬಂದ ಒಬ್ಬರಿಗೆ ಅಡ್ವಾನ್ಸ್ ಕೊಟ್ಟೆವು.

ಮದುವೆಯ ದಿನ ಬೆಳಿಗ್ಗೆ ಅವರ ಫೋನ್. "ಕಾಕಾ, ಇವತ್ತ ಬರಾಕ ಆಗಂಗಿಲ್ರಿ. ಮುಂಜಾನಿಂದ ಹುಲ್ಲ ಮುಟ್ಟಿಲ್ರಿ ಅದು." ನಮಗೆ ಸಿಟ್ಟು ನೆತ್ತಿಗೇರಿತು. ಮೊದಲೇ ಹೇಳಬೇಕಿತ್ತಲ್ಲ ಮಾರಾಯ, ಅಡ್ವಾನ್ಸ್ ವಾಪಸ್ ಕೊಡು ಎಂದೆವು. ಬೇರೆ ಕಡೆ ಹೆಚ್ಚು ಬಾಡಿಗೆ ಸಿಕ್ಕಿರಬೇಕು ಎಂಬ ಗುಮಾನಿಯೂ ಇತ್ತು. ನೋಡಿಯೇ ಬರೋಣ ಎಂದು ನಾವಿಬ್ಬರು ಬೈಕ್ ಹತ್ತಿದೆವು.

ತಗಡಿನ ಶೆಡ್ಡಿನಲ್ಲಿ ಬಿಳಿ ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಮತ್ತೆ ಮತ್ತೆ ಕತ್ತು ತಿರುಗಿಸಿ ತನ್ನದೇ ಹೊಟ್ಟೆಯನ್ನು ನೋಡುತ್ತಿತ್ತು. ಮಲಗುವುದು, ಏಳುವುದು, ಪುನಃ ಮಲಗುವುದು. ಬಿಸಿಲಿನಲ್ಲಿ ನಿಂತಿಲ್ಲದಿದ್ದರೂ ಕತ್ತು ಪೂರ್ತಿ ಬೆವರು. ಆ ಮನುಷ್ಯ ಅದರ ಪಕ್ಕೆಗೆ ಕಿವಿ ಇಟ್ಟು ತುಂಬ ಹೊತ್ತು ಹಾಗೆಯೇ ನಿಂತರು. ಆಮೇಲೆ, "ಹೊಟ್ಟಿ ಮಾತಾಡವಲ್ದು ನೋಡ್ರಿ" ಎಂದರು.

ಆರೋಗ್ಯವಾಗಿರುವ ಕುದುರೆಯ ಹೊಟ್ಟೆ ಸದಾ ಗುಡುಗುಡು ಅನ್ನುತ್ತಿರುತ್ತದಂತೆ. ಅದು ನಿಂತರೆ ಅಪಾಯ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು, ಸಾಗದಿದ್ದರೆ ಜೀವಕ್ಕೇ ಕುತ್ತು. ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಸಲ ಬಡಿದರೆ ಸರಿ. ಪಶುವೈದ್ಯರು ಬಂದು ಎಣಿಸಿದಾಗ 60 ದಾಟಿತ್ತು. ನೋವಿಗೆ ಇಂಜೆಕ್ಷನ್ ಕೊಟ್ಟು, ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆಗೆ ಎಣ್ಣೆ ಬಿಟ್ಟರು. ಅಷ್ಟೂ ಹೊತ್ತು ಆ ಮನುಷ್ಯ ಒಂದು ಮಾತೂ ಆಡಲಿಲ್ಲ. ಒಂದು ಕೈ ಅದರ ಹಣೆ ಮೇಲೆ, ಇನ್ನೊಂದು ಕತ್ತಿನ ಮೇಲೆ, ಅಷ್ಟೇ. ಅವರು ಉಸಿರು ನಿಧಾನ ಮಾಡಿದ ಹಾಗೆ ಕುದುರೆಯ ಹಿಂದಕ್ಕೆ ಮಡಚಿದ ಕಿವಿಯೂ ಸ್ವಲ್ಪ ಸಡಿಲವಾಯಿತು. ನಾವು ಅಡ್ವಾನ್ಸಿನ ಮಾತು ಎತ್ತದೆ ವಾಪಸ್ ಬಂದೆವು. ಮದುಮಗ ಕಾರಿನಲ್ಲೇ ಬಂದ, ನಿಕಾಹ್‌ಗೆ ಏನೂ ಕೊರತೆಯಾಗಲಿಲ್ಲ.

ಮದ್ರಸದಲ್ಲಿ ನಾವೆಲ್ಲ ಕೇಳಿದ ಒಂಟೆಯ ಕಥೆ ಆಮೇಲೆ ನೆನಪಾಯಿತು. ಪ್ರವಾದಿ ಮುಹಮ್ಮದ್ (ಸ) ಅನ್ಸಾರಿಯೊಬ್ಬರ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆ ಅವರನ್ನು ನೋಡಿ ನರಳಿ ಕಣ್ಣೀರು ಹಾಕಿತು. ಅವರು ಅದರ ಕಿವಿಯ ಹಿಂದೆ ಸವರಿ ಸಮಾಧಾನ ಮಾಡಿದರು, ಯಜಮಾನನನ್ನು ಕರೆದು, ನೀನು ಇದನ್ನು ಉಪವಾಸ ಕೆಡವಿ ದುಡಿಸುತ್ತೀಯೆಂದು ಇದು ನನ್ನಲ್ಲಿ ದೂರುತ್ತಿದೆ ಎಂದರು. ಅಬೂದಾವೂದರ ಹದೀಸ್ ಸಂಗ್ರಹದಲ್ಲಿ ಇದು ಇದೆ. ಪ್ರಾಣಿಯ ದೂರು ಅರ್ಥವಾಗುವುದು ಪ್ರವಾದಿಯವರಿಗೆ, ನಮಗೆಲ್ಲಿ ಆದೀತು ಎಂದು ನಾವು ಜಾರಿಕೊಳ್ಳುತ್ತೇವೆ. ಆದರೆ ಆ ಕಣ್ಣೀರು ಯಜಮಾನನಿಗೂ ಕಾಣುವ ಹಾಗೆಯೇ ಇತ್ತಲ್ಲ. ಅವನು ದಿನಾ ಅದರ ಪಕ್ಕದಲ್ಲೇ ಇದ್ದವನು.

ಈಗಂತೂ ಓದಿ ಕಲಿಯುವುದಕ್ಕೂ ದಾರಿ ಉಂಟು. ನೋವಿನಲ್ಲಿರುವ ಕುದುರೆಯ ಮುಖ ಹೇಗಿರುತ್ತದೆಂದು 2014ರಲ್ಲಿ ಯುರೋಪಿನ ಸಂಶೋಧಕರು ಆರು ಗುರುತು ಪಟ್ಟಿ ಮಾಡಿದ್ದಾರೆ. ಹಿಂದಕ್ಕೆ ಬಿಗಿದ ಕಿವಿ, ಅರ್ಧ ಮುಚ್ಚಿದ ಕಣ್ಣು, ಸೆಟೆದ ಮೂಗಿನ ಹೊಳ್ಳೆ, ಗಟ್ಟಿಯಾದ ದವಡೆ, ಬಿಗಿದ ಬಾಯಿ, ಕಣ್ಣಿನ ಮೇಲ್ಭಾಗದ ಸೆಳೆತ. ನಾರ್ವೆಯಲ್ಲಿ 23 ಕುದುರೆಗಳಿಗೆ ಹಲಗೆಯ ಮೇಲಿನ ಚಿಹ್ನೆಗಳನ್ನು ಕಲಿಸಿದರು. ಹೊದಿಕೆ ಬೇಕಾದರೆ ಒಂದು, ಬೇಡವಾದರೆ ಇನ್ನೊಂದು, ಇದ್ದ ಹಾಗೇ ಸಾಕಾದರೆ ಮತ್ತೊಂದು. ಹವೆ ನೋಡಿಕೊಂಡು ಅವು ಸರಿಯಾದದ್ದನ್ನೇ ಮೂತಿಯಿಂದ ಮುಟ್ಟಿ ತೋರಿಸಿದವು. 2016ರಲ್ಲಿ ಪ್ರಕಟವಾದ ಅಧ್ಯಯನ ಇದು.

ಪೆರ್ನಾಲ್ ಮರುದಿನ ಬೀಚಿಗೆ ಹೋಗುವ ನಮ್ಮ ಕುಟುಂಬಗಳು ಎಷ್ಟಿಲ್ಲ! ಮಗುವನ್ನು ಕೂರಿಸುತ್ತೇವೆ, ಫೋಟೋ ತೆಗೆಯುತ್ತೇವೆ. ಕುದುರೆಯ ಕಿವಿ, ಕಣ್ಣು ಯಾರು ನೋಡಿದ್ದು? ಒಂದು ಸುತ್ತಿನ ದುಡ್ಡು ಕೊಡುವವರು ನಾವು. ಕಾಯಿಲೆಯ ಕುದುರೆಯೂ ಓಡುವುದು ಆ ದುಡ್ಡಿಗೇ. ಕುದುರೆ ಇಟ್ಟವರು ಕಲ್ಲೆದೆಯವರು ಎಂದು ತೀರ್ಪು ಕೊಡುವುದು ಸುಲಭ, ಆದರೆ ಒಂದು ದಿನ ಅದನ್ನು ಕಟ್ಟಿ ಹಾಕಿದರೆ ಆ ಮನೆಯಲ್ಲಿ ಒಲೆ ಉರಿಯುವುದು ಕಷ್ಟ. ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು: ಕುದುರೆ ಬುಕ್ ಮಾಡುವಾಗಲೇ, ಅದಕ್ಕೆ ಹುಷಾರಿಲ್ಲದಿದ್ದರೆ ತರಬೇಡಿ, ಅಡ್ವಾನ್ಸ್ ನಿಮ್ಮಲ್ಲೇ ಇರಲಿ ಎಂದು ಹೇಳಬೇಕು. ಮದುವೆಗೆ ಅಷ್ಟೆಲ್ಲ ಖರ್ಚು ಮಾಡುವ ನಮಗೆ ಇದು ದೊಡ್ಡ ಮೊತ್ತವಲ್ಲ. ಪಶು ಆಂಬ್ಯುಲೆನ್ಸಿನ 1962 ನಂಬರನ್ನೂ ಅವರಿಗೆ ತಿಳಿಸಬಹುದು.

ಆ ರಾತ್ರಿ ಇಶಾ ನಮಾಝ್ ಮುಗಿಸಿ ಬರುವಾಗ ಫೋನ್ ಬಂತು. "ಲದ್ದಿ ಹಾಕ್ತರಿ ಕಾಕಾ!" ಮನೆಯಲ್ಲಿ ಮಗು ಹುಟ್ಟಿದವರ ಧ್ವನಿ ಹಾಗೆಯೇ ಇರುತ್ತದೆ. ಮರುದಿನ ಹೋದಾಗ ಬಕೆಟ್ ನೀರಿನಲ್ಲಿ ಲದ್ದಿ ಕದಡಿ ತೋರಿಸಿದರು, ಅಡಿಯಲ್ಲಿ ಒಂದು ಹಿಡಿ ಮರಳು. ಬೀಚಿನ ಮರಳ ಮೇಲೆಯೇ ಹುಲ್ಲು ಹಾಕುವುದರಿಂದ ಅದೂ ಒಟ್ಟಿಗೆ ಹೊಟ್ಟೆ ಸೇರುತ್ತದೆ. ಅಡ್ವಾನ್ಸ್ ಹಣ ಲೆಕ್ಕ ಮಾಡಿ ಮುಂದೆ ಹಿಡಿದರು, ನಾವು ತೆಗೆದುಕೊಳ್ಳಲಿಲ್ಲ. ಆ ಹಣದಲ್ಲಿ ಅವರು ಹುಲ್ಲು ಹಾಕಲು ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬು ತಂದಿದ್ದಾರೆ. ಮೊನ್ನೆ ಮಕ್ಕಳೊಟ್ಟಿಗೆ ಹೋದಾಗ ಬಿಳಿ ಕುದುರೆ ಅದರೊಳಗೆ ಮೂತಿ ಇಟ್ಟು ತಿನ್ನುತ್ತಿತ್ತು. ನಮ್ಮ ಕಡೆಗೆ ಒಂದು ಕಿವಿ ಮಾತ್ರ ತಿರುಗಿಸಿತು.