ಅಜ್ಜಿ ಮನೆಯ ಕರಾರು ಪತ್ರ



ನೆರೆಹೊರೆಯ ಪುಟ್ಟ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಅಜ್ಜಿಯರು ಈಗ ಎಷ್ಟೋ ಬೀದಿಗಳಲ್ಲಿ ಇದ್ದಾರೆ. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಮಗು ಸಂಜೆಯವರೆಗೆ ಅಜ್ಜಿಯ ಬಳಿ. ಬೋರ್ಡು ಇರಲಿ, ಇಲ್ಲದಿರಲಿ, ಅದು ಮನೆಯಲ್ಲೇ ನಡೆಯುವ ಡೇ ಕೇರ್. ‘ನಿಮ್ಮ ಮಗು ಬೇರೆಯಲ್ಲ, ನಮ್ಮ ಮೊಮ್ಮಗು ಬೇರೆಯಲ್ಲ, ಬಿಟ್ಟು ಹೋಗಿ’ ಎಂಬ ಒಂದೇ ಮಾತಿನಿಂದ ಅದು ಶುರುವಾಗುತ್ತದೆ.

ಆ ಮಾತು ಚೆನ್ನಾಗಿದೆ. ಆದರೆ ಅದೊಂದೇ ಸಾಲದು. ಒಂದು ಸಂಜೆ ಗುರುತಿಲ್ಲದ ಒಬ್ಬರು ಬಾಗಿಲಲ್ಲಿ ನಿಂತು, ‘ನಾನು ಮಗುವಿನ ಚಿಕ್ಕಪ್ಪ. ಅವರಪ್ಪನಿಗೆ ಆಫೀಸಿನಲ್ಲಿ ತಡವಾಯಿತು, ಕರೆದುಕೊಂಡು ಬಾ ಅಂದ’ ಎನ್ನುತ್ತಾರೆ ಎಂದುಕೊಳ್ಳಿ. ಅಜ್ಜಿ ಏನು ಮಾಡಬೇಕು? ಕಳಿಸಿದರೆ ಎದೆ ಢವಢವ. ಕಳಿಸದಿದ್ದರೆ, ನಿಜವಾಗಿಯೂ ಚಿಕ್ಕಪ್ಪನೇ ಆಗಿದ್ದರೆ, ನೆಂಟರ ಮುಂದೆ ನಿಷ್ಠುರ. ಇಂಥ ಹೊತ್ತಿಗಾಗಿಯೇ ಕರಾರು ಪತ್ರ ಬೇಕು. ‘ಕ್ಷಮಿಸಿ, ಹಾಳೆಯಲ್ಲಿ ನಿಮ್ಮ ಹೆಸರಿಲ್ಲ. ಅವರಪ್ಪನಿಗೆ ಫೋನ್ ಮಾಡುತ್ತೇನೆ, ಕುಳಿತಿರಿ’ ಎಂದರೆ ಅಜ್ಜಿ ಯಾರನ್ನೂ ಅನುಮಾನಿಸಿದಂತಾಗುವುದಿಲ್ಲ. ಬೇಡ ಎಂದದ್ದು ಹಾಳೆ, ಅಜ್ಜಿಯಲ್ಲ!

ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನಲ್ಲಿ ಬೆಲೆ ಇದೆ. ನಮ್ಮ ದೇಶದ ಕರಾರು ಕಾಯ್ದೆ 1872ರದು. ಅದರಂತೆ ಎಲ್ಲ ಒಪ್ಪಂದವೂ ಬರಹದಲ್ಲೇ ಇರಬೇಕೆಂದಿಲ್ಲ. ಆದರೆ ಆರು ತಿಂಗಳ ಹಿಂದೆ ಆಡಿದ ಮಾತು ಇಬ್ಬರಿಗೂ ಒಂದೇ ರೀತಿ ನೆನಪಿರುವುದು ಅಪರೂಪ. ಬರೆದಿಟ್ಟರೆ ನೆನಪಿನ ಜಗಳವಿಲ್ಲ.

ಹಾಗಾದರೆ ಏನೇನು ಬರೆಯಬೇಕು?

ಮೊದಲು ಕರೆದೊಯ್ಯುವವರು. ಮೂರೋ ನಾಲ್ಕೋ ಹೆಸರು, ಅವರ ಫೋಟೊ, ಫೋನ್ ನಂಬರು. ಬೇರೆ ಯಾರಾದರೂ ಬಂದರೆ ಹಾಳೆಯಲ್ಲಿರುವ ನಂಬರಿಗೇ ಫೋನ್ ಮಾಡಬೇಕು. ಬಂದವರು ಕೊಟ್ಟ ನಂಬರಿಗಲ್ಲ.

ಎರಡನೆಯದು ಹೊತ್ತು. ಎಷ್ಟು ಗಂಟೆಗೆ ಬಿಡುವುದು, ಎಷ್ಟು ಗಂಟೆಗೆ ಕರೆದೊಯ್ಯುವುದು? ತಡವಾದರೆ ಎಷ್ಟು ಹೊತ್ತು ಕಾಯುವುದು, ಹೆಚ್ಚಿಗೆ ಏನು ಕೊಡುವುದು? ಅಜ್ಜಿಗೂ ಸಂಜೆಯ ದೀಪ, ಮಾತ್ರೆ, ವಾಕಿಂಗ್ ಇರುತ್ತವೆ.

ಮೂರನೆಯದು ಕಾಯಿಲೆ. ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ಜ್ವರ. ಆಗ ಯಾರಿಗೆ ಫೋನ್, ಅವರು ಎಷ್ಟು ಹೊತ್ತಿನಲ್ಲಿ ಬರಬೇಕು ಎಂದು ಬರೆಯಿರಿ. ಔಷಧಿಯಾದರೆ ಅದರದೇ ಬಾಟಲಿಯಲ್ಲಿ ಬರಲಿ. ಎಷ್ಟು, ಯಾವಾಗ ಎಂದು ತಾಯಿ ತಂದೆ ಬರೆದು ಕೊಡಲಿ. ತುರ್ತು ಬಿದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಲು ಅವರ ಒಪ್ಪಿಗೆಯೂ ಹಾಳೆಯಲ್ಲಿರಲಿ.

ನಾಲ್ಕನೆಯದು ಊಟ. ಮಗುವಿಗೆ ಒಗ್ಗದ್ದು ಏನು? ಹಾಲೇ, ಮೊಟ್ಟೆಯೇ, ಕಡಲೆಕಾಯಿಯೇ? ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಪುಟ್ಟ ಮಕ್ಕಳಿಗೆ ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಐದನೆಯದು ದುಡ್ಡು. ಕೇಳಲು ಸಂಕೋಚವಾಗುವುದು ಇದೇ; ಆದ್ದರಿಂದಲೇ ಮೊದಲೇ ಬರೆಯಬೇಕು. ತಿಂಗಳಿಗೆ ಎಷ್ಟು, ಯಾವ ತಾರೀಖಿನೊಳಗೆ? ಮಗು ಹದಿನೈದು ದಿನ ಊರಿಗೆ ಹೋದರೆ ಪೂರ್ತಿ ಕೊಡಬೇಕೇ? ಅಜ್ಜಿಯೇ ಮದುವೆಗೋ ಜಾತ್ರೆಗೋ ಹೊರಟರೆ ಎಷ್ಟು ದಿನ ಮುಂಚೆ ಹೇಳಬೇಕು? ಬಿಡುವುದಾದರೆ ಒಂದು ತಿಂಗಳ ಮುನ್ಸೂಚನೆ ಸಾಕೇ?

ಇಷ್ಟೂ ಅಪ್ಪ ಅಮ್ಮ ಪಾಲಿಸಬೇಕಾದದ್ದೇ ಆದರೆ ಅದು ಕರಾರಲ್ಲ, ಬರಿಯ ನಿಯಮದ ಪಟ್ಟಿ. ಅಜ್ಜಿಯ ಮಾತೂ ಅದರಲ್ಲಿರಬೇಕು. ಸಂಪಿನ ಮುಚ್ಚಳ ಸದಾ ಹಾಕಿರುತ್ತದೆ. ಮಹಡಿಯ ಬಾಗಿಲಿಗೆ ಚಿಲಕ ಇರುತ್ತದೆ. ಮಾತ್ರೆ ಡಬ್ಬಿ ಮೇಲಿನ ಶೆಲ್ಫಿನಲ್ಲಿರುತ್ತದೆ. ಮಗುವಿಗೆ ಹೊಡೆಯುವುದಿಲ್ಲ, ಹೆದರಿಸುವುದಿಲ್ಲ. ಕೇಳದೆ ಅದರ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದಿಲ್ಲ. ಬಿದ್ದು ಮಂಡಿ ತರಚಿದರೂ ಅದೇ ದಿನ ಹೇಳುತ್ತೇನೆ.

ಕೆಲವರು ‘ಏನಾದರೂ ಆದರೆ ನಮಗೆ ಹೊಣೆಯಿಲ್ಲ’ ಎಂಬ ಸಾಲನ್ನೂ ಸೇರಿಸುತ್ತಾರೆ. ಅದು ಬೇಡ. ಮಗುವನ್ನು ಒಪ್ಪಿಕೊಂಡ ಮೇಲೆ ಅದನ್ನು ಜೋಪಾನ ಮಾಡುವ ಹೊಣೆ ಒಂದು ಸಾಲಿನಿಂದ ಕಳಚಿಹೋಗುವುದಿಲ್ಲ. ಅಂಥ ಸಾಲು ಓದಿದ ತಾಯಿ ನೆಮ್ಮದಿಯಿಂದ ಕೆಲಸಕ್ಕೆ ಹೋಗುವುದಾದರೂ ಹೇಗೆ?

ಮಕ್ಕಳೇ, ಇನ್ನು ನಿಮ್ಮ ಸರದಿ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ಕಾನೂನಿನಲ್ಲಿ ನಡೆಯುವುದಿಲ್ಲ. ಹಾಗಾಗಿ ಸಹಿ ಹಾಕುವವರು ದೊಡ್ಡವರೇ. ಆದರೆ ನಿಮ್ಮ ಕೈಬರಹ ಧಾರಾಳವಾಗಿ ನಡೆಯುತ್ತದೆ! ಅಜ್ಜಿ ಹೇಳಲಿ, ನೀವು ದುಂಡಗೆ ಬರೆಯಿರಿ. ಬರೆಯುತ್ತಾ ‘ಇದು ಯಾಕೆ ಅಜ್ಜಿ?’ ಎಂದು ಕೇಳಿ. ಎರಡು ಪ್ರತಿ ಮಾಡಿ, ಎರಡಕ್ಕೂ ಎರಡೂ ಕಡೆಯವರ ಸಹಿ ಹಾಕಿಸಿ, ಅವರಿಗೊಂದು, ಅಜ್ಜಿಗೊಂದು ಇಟ್ಟುಕೊಳ್ಳಲಿ. ಫೋನ್ ನಂಬರುಗಳನ್ನು ಮಾತ್ರ ದಪ್ಪಕ್ಷರದಲ್ಲಿ ಬೇರೆ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಕನ್ನಡಕ ಹುಡುಕುವ ಮೊದಲೇ ಅಜ್ಜಿಗೆ ಕಾಣಬೇಕು.

ಇನ್ನೊಂದು ಕೆಲಸ ನಿಮಗಾಗಿಯೇ ಇದೆ. ಅಪ್ಪ ಅಮ್ಮನ ಜೊತೆ ಕುಳಿತು ಒಂದು ಗುಟ್ಟಿನ ಪದ ಆರಿಸಿಕೊಳ್ಳಿ. ಯಾರಾದರೂ ‘ನಿಮ್ಮಮ್ಮ ಕಳಿಸಿದ್ದಾರೆ, ಬಾ’ ಎಂದರೆ ಆ ಪದ ಕೇಳಿ. ಗೊತ್ತಿಲ್ಲದಿದ್ದರೆ ಅವರ ಜೊತೆ ಹೋಗಬೇಡಿ. ಎಷ್ಟೇ ನಗುತ್ತಾ ಮಾತಾಡಿದರೂ, ಚಾಕೊಲೇಟ್ ಕೊಟ್ಟರೂ ಹೋಗಬೇಡಿ. ಓಡಿ ಬಂದು ಅಜ್ಜಿಗೆ ಹೇಳಿ.

ಅಜ್ಜಿಯರೇ, ‘ನಂಬಿಕೆ ಇದ್ದಲ್ಲಿ ಕಾಗದ ಯಾಕೆ?’ ಎಂದು ನಿಮಗೆ ಅನ್ನಿಸಬಹುದು. ನಂಬಿಕೆ ಇರುವುದರಿಂದಲೇ ಅವರು ಮಗುವನ್ನು ನಿಮ್ಮ ಮಡಿಲಿಗೆ ಹಾಕಿದ್ದಾರೆ. ಆ ನಂಬಿಕೆ ಒಂದು ತಡವಾದ ಸಂಜೆಗೋ, ಐನೂರು ರೂಪಾಯಿಯ ಮರೆವಿಗೋ ಮುರಿಯದಿರಲಿ ಎಂದು ಈ ಹಾಳೆ. ಬರುವ ಭಾನುವಾರ ಎರಡೂ ಮನೆಯವರು ಕಾಫಿಗೆ ಸೇರಿ, ಸಾಲು ಸಾಲಾಗಿ ಗಟ್ಟಿಯಾಗಿ ಓದಿ, ಆಮೇಲೆ ಸಹಿ ಹಾಕಿ.