ಕಿಲ್ಟಿನ ಮೇಲೊಂದು ಸುಳ್ಳು ತೊಗಲು

ಸ್ಕಾಟ್ಲೆಂಡಿನ ಕಿಲ್ಟ್ ಉಡುಪಿಗೆ ಬೆಲ್ಟ್ ಕೇವಲ ಅಲಂಕಾರ, ಆದ್ದರಿಂದ ಯಾವುದಾದರೂ ನಡೆಯುತ್ತದೆ ಎಂಬ ಮಾತನ್ನು ಎಡಿನ್‌ಬರೋದಲ್ಲಿರುವ ನನ್ನ ಅಳಿಯಂದಿರಿಂದಲೂ ಅವರ ಗೆಳೆಯರಿಂದಲೂ ಕೇಳಿ ಕೇಳಿ ಸಾಕಾಗಿದೆ. ಮಾತಿನ ಮೊದಲರ್ಧ ಸತ್ಯ, ಉಳಿದರ್ಧ ಅವಿವೇಕ.

ಇಂದಿನ ಕಿಲ್ಟು ತನ್ನದೇ ಪಟ್ಟಿ, ಬಕಲುಗಳಿಂದ ಸೊಂಟದಲ್ಲಿ ನಿಲ್ಲುತ್ತದೆ. ಮುಂದೆ ತೂಗುವ ಸ್ಪೋರನ್ ಎಂಬ ಚೀಲಕ್ಕೂ ಪ್ರತ್ಯೇಕ ಸರಪಳಿಯುಂಟು. ಆದರೆ 17ನೆಯ ಶತಮಾನದ ಹೈಲ್ಯಾಂಡಿನವರು ಉಡುತ್ತಿದ್ದುದು ಹೊಲಿಗೆಯಿಲ್ಲದ ಉದ್ದನೆಯ ಉಣ್ಣೆಬಟ್ಟೆಯನ್ನು. ಅದನ್ನು ನೆರಿಗೆ ಹಿಡಿದು ನಡುವಿಗೆ ಬಿಗಿಯುತ್ತಿದ್ದುದು ತೊಗಲಿನ ಪಟ್ಟಿಯೇ. ಪಟ್ಟಿ ಬಿಚ್ಚಿದರೆ ಉಡುಪೇ ಇಲ್ಲ. 1746ರ ಕಾಯಿದೆ ಈ ಉಡುಪನ್ನು ನಿಷೇಧಿಸಿತು. 1782ರವರೆಗೆ ಆ ನಿಷೇಧ ತೆರವಾಗಲಿಲ್ಲ. ಅಂಥ ಉಡುಪಿನ ನಟ್ಟನಡುವೆ, ಎಲ್ಲರ ಕಣ್ಣಿಗೆ ಬೀಳುವಂತೆ, ಎರಡೂಕಾಲು ಅಂಗುಲ ಅಗಲದ ಪ್ಲಾಸ್ಟಿಕ್ಕನ್ನು ಕಟ್ಟಿಕೊಳ್ಳುವುದೇ?

ಪ್ಲಾಸ್ಟಿಕ್ ಎಂದದ್ದು ಕೋಪದಿಂದಲ್ಲ. ಮಗಳ ಮನೆಗೆ ಬಂದುಹೋಗುವ ಹಾಸನದ ಕಡೆಯ ವಿದ್ಯಾರ್ಥಿಯೊಬ್ಬ ಸಹಪಾಠಿಯ ಮದುವೆಗೆಂದು, ಹೋಟೆಲಿನಲ್ಲಿ ತಟ್ಟೆ ತೊಳೆದು ಗಳಿಸಿದ ಹಣದಿಂದ, ಪ್ರವಾಸಿಗರ ಬೀದಿಯ ಅಂಗಡಿಯೊಂದರಲ್ಲಿ ಬೆಲ್ಟ್ ಕೊಂಡಿದ್ದ. 'ಅಪ್ಪಟ ಚರ್ಮ' ಎಂಬ ಮುದ್ರೆಯಿತ್ತು. ಎರಡನೆಯ ಸಲ ಧರಿಸುವಾಗ ಮೇಲ್ಮೈ ಈರುಳ್ಳಿ ಸಿಪ್ಪೆಯಂತೆ ಎದ್ದುಬಂತು. ಒಳಗೆ ಬೂದುಬಣ್ಣದ ಹಿಟ್ಟು, ಅದರ ಕೆಳಗೆ ಬಟ್ಟೆ. ಚರ್ಮದ ಚೂರುಪಾರನ್ನು ಪುಡಿಮಾಡಿ, ಅಂಟಿನಲ್ಲಿ ಕಲಸಿ, ಹಾಳೆಯಾಗಿಸಿ ಲೇಪ ಕೊಟ್ಟ ವಸ್ತು ಅದು. ಅದರಲ್ಲಿ ಚರ್ಮವಿರುವುದು ನಿಜವೇ, ಚಕ್ಕುಲಿಯ ಪುಡಿಯಲ್ಲಿ ಚಕ್ಕುಲಿಯಿರುವಂತೆ!

ಪಶುವಿನ ತೊಗಲಿನಲ್ಲಿ ಮೇಲ್ಪದರದ ನಾರುಗಳು ಒತ್ತಾಗಿ ಹೆಣೆದಿರುತ್ತವೆ. ಕೆಳಗೆ ಹೋದಂತೆ ಸಡಿಲ. ಮೇಲ್ಪದರವನ್ನು ಉಜ್ಜಿ ತೆಗೆಯದೆ ಉಳಿಸಿಕೊಂಡ, ಮೂರು ನಾಲ್ಕು ಮಿಲಿಮೀಟರ್ ದಪ್ಪದ ಒಂದೇ ಪಟ್ಟಿ ಉತ್ತಮ. ಕೆಳಪದರವನ್ನು ಸೀಳಿ, ಬಣ್ಣ ಬಳಿದು, ಮೇಲೆ ಕೆಲ್ಟಿಕ್ ಗಂಟುಗಳ ಚಿತ್ತಾರ ಒತ್ತಿಬಿಟ್ಟರೆ ಅದರ ದೋಷವೆಲ್ಲ ಮುಚ್ಚಿಹೋಗುತ್ತದೆ. ಚಿತ್ತಾರವೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ತೊಗಲಿನ ಮೇಲೂ ಅದನ್ನು ಒತ್ತುತ್ತಾರೆ. ಆದ್ದರಿಂದ ಚಿತ್ತಾರವನ್ನು ಬಿಟ್ಟು ಅಂಚನ್ನು ನೋಡಬೇಕು. ನಮ್ಮ ಅಥಣಿಯಲ್ಲಿ ಚಪ್ಪಲಿ ಮಾಡುವವರ ಮುಂದೆ ತೊಗಲು ಹಿಡಿದರೆ ಅವರ ಕಣ್ಣು ಹೋಗುವುದು ಕತ್ತರಿಸಿದ ಅಂಚಿಗೆ. ಅಲ್ಲಿ ನಾರು ಕಾಣಬೇಕು. ಅಂಚಿಗೆ ದಪ್ಪ ಬಣ್ಣ ಮೆತ್ತಿದ್ದರೆ ಏಕೆಂದು ಕೇಳಿ.

'ಒಳ್ಳೆಯದಕ್ಕೆ ಬೆಲೆ ಹೆಚ್ಚು, ಸ್ವಾಮಿ' ಎನ್ನುವವರಿದ್ದಾರೆ. ಎಂಟು ಗಜ ಉಣ್ಣೆಯ ಕಿಲ್ಟಿಗೆ ನೂರಾರು ಪೌಂಡ್ ಸುರಿದವರು ಈ ಮಾತಾಡಿದರೆ ನನಗೆ ಕನಿಕರವಿಲ್ಲ. ಬಾಡಿಗೆಗೆ ತಂದು ಉಡುವ ಬಡ ವಿದ್ಯಾರ್ಥಿಗೆ ನನ್ನ ಸಲಹೆ ಬೇರೆ: ಬೆಲ್ಟನ್ನೇ ಬಿಡು. ಕೋಟಿನೊಳಗೆ ವೇಸ್ಟ್‌ಕೋಟ್ ತೊಟ್ಟಾಗ ಬೆಲ್ಟ್ ಕಟ್ಟದಿರುವುದೇ ಅಲ್ಲಿನ ರೂಢಿ; ಯಾರೂ ಹುಬ್ಬೇರಿಸುವುದಿಲ್ಲ. ಸುಳ್ಳು ತೊಗಲಿಗೆ ಹಣ ತೆತ್ತು ಆ ವ್ಯಾಪಾರವನ್ನು ಬೆಳೆಸುವುದಕ್ಕಿಂತ ಅದು ಮೇಲು.

ಕೊಳ್ಳಲೇಬೇಕೆಂದಿದ್ದರೆ ಕಿಲ್ಟು ಉಟ್ಟು, ಹೊಕ್ಕುಳ ಮಟ್ಟದಲ್ಲಿ, ಅದರ ದಪ್ಪ ಬಟ್ಟೆಯ ಮೇಲೆಯೇ ಟೇಪು ಹಿಡಿದು ಅಳತೆ ತೆಗೆದುಕೊಳ್ಳಿ. ಪ್ಯಾಂಟಿನ ಸೈಜ್ ಕೇಳಿ ಬೆಲ್ಟ್ ಕೊಡಲು ಹೊರಟ ಅಂಗಡಿಯವನಿಗೆ ನಮಸ್ಕಾರ ಹೇಳಿ ಹೊರಡಿ.