ಮುಚ್ಚಿಟ್ಟ ಮಾತು, ಮುಚ್ಚಿಟ್ಟ ರೋಗ



ಮೂರು ದಶಕ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನು. ಸಂತಾನೋತ್ಪತ್ತಿಯ ಪಾಠ ಬಂದಾಗಲೆಲ್ಲ “ಇದನ್ನು ಮನೆಯಲ್ಲಿ ಓದಿಕೊಳ್ಳಿ” ಎಂದು ಪುಟ ತಿರುವಿದವನೂ ನಾನೇ. ಅಂದು ಉಳಿಸಿಕೊಂಡ ಆ ಬಾಕಿಯನ್ನು ಇಂದು ತೀರಿಸುತ್ತಿದ್ದೇನೆ. ಹೆಣ್ಣುಮಕ್ಕಳೂ ಸಂಕೋಚವಿಲ್ಲದೆ ಓದಬೇಕು; ಗಂಡಂದಿರನ್ನು ವೈದ್ಯರ ಬಳಿಗೆ ಹೊರಡಿಸುವವರು ಬಹುಮಟ್ಟಿಗೆ ನೀವೇ ಅಲ್ಲವೆ?

ನನ್ನ ಸಹೋದ್ಯೋಗಿಯೊಬ್ಬರು ಐವತ್ತೆರಡರ ವಯಸ್ಸಿನಲ್ಲಿ ಒಂದು ಸಂಜೆ ತಗ್ಗಿದ ದನಿಯಲ್ಲಿ ತಮ್ಮ ನಿಮಿರು ದೌರ್ಬಲ್ಯವನ್ನು ಹೇಳಿಕೊಂಡರು. “ವಯಸ್ಸಾಯಿತಲ್ಲ, ಬಿಡಿ ಮೇಷ್ಟ್ರೇ” ಎಂದು ನಕ್ಕುಬಿಟ್ಟೆ. ಅವರು ಬಸ್ ನಿಲ್ದಾಣದ ಗೋಡೆಬರಹ ನಂಬಿ ತಿಂಗಳುಗಟ್ಟಲೆ ಲೇಹ್ಯ ತಿಂದರು. ಮೂರು ವರ್ಷಗಳ ನಂತರ ಹೃದಯಾಘಾತವಾಯಿತು. ಬಹುಕಾಲದಿಂದ ಸಕ್ಕರೆ ಕಾಯಿಲೆ ಇದ್ದಿರಬೇಕೆಂಬುದು ಆಸ್ಪತ್ರೆಯಲ್ಲಿ ತಿಳಿಯಿತು. ಅವರು ಮನೆಗೆ ಮರಳಲಿಲ್ಲ. ಆ ನಗುವನ್ನು ನಾನಿನ್ನೂ ಕ್ಷಮಿಸಿಕೊಂಡಿಲ್ಲ.

ನಿಮಿರುವಿಕೆಯೆಂಬುದು ಮೂಲತಃ ರಕ್ತ ಸಂಚಾರದ ಕ್ರಿಯೆ. ನರಗಳ ಸೂಚನೆಯಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ, ರಕ್ತನಾಳಗಳು ಹಿಗ್ಗಿ, ಅಂಗಕ್ಕೆ ರಕ್ತ ತುಂಬುತ್ತದೆ. ರಕ್ತನಾಳಗಳಲ್ಲಿ ಈ ಅನಿಲವು ವಹಿಸುವ ಪಾತ್ರವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ನೊಬೆಲ್ ಸಮಿತಿಗೆ ಇಲ್ಲದ ನಾಚಿಕೆ ನಮಗೇಕೆ?

ಶಿಶ್ನದ ಅಪಧಮನಿಗಳ ವ್ಯಾಸ ಸುಮಾರು 1ರಿಂದ 2 ಮಿಲಿಮೀಟರ್. ಹೃದಯದ ಅಪಧಮನಿಗಳದು 3ರಿಂದ 4. ಕೊಬ್ಬು ಕಟ್ಟಿಕೊಳ್ಳತೊಡಗಿದರೆ ಕಿರಿದಾದ ಕಾಲುವೆಯೇ ಮೊದಲು ಬತ್ತುವುದು. ಆದ್ದರಿಂದಲೇ ಅನೇಕರಲ್ಲಿ ಈ ದೌರ್ಬಲ್ಯವು ಎದೆನೋವಿಗಿಂತ ಎರಡರಿಂದ ಐದು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಅದು ಅವಮಾನವಲ್ಲ, ಮುನ್ಸೂಚನೆ.

ಸಕ್ಕರೆ ಕಾಯಿಲೆ ನರಗಳನ್ನೂ ರಕ್ತನಾಳಗಳನ್ನೂ ಒಟ್ಟಿಗೆ ಕೆಡಿಸುತ್ತದೆ. ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್, ಬೊಜ್ಜು, ಧೂಮಪಾನ, ಅತಿಯಾದ ಮದ್ಯಪಾನ, ಮೂತ್ರಪಿಂಡದ ರೋಗ, ಥೈರಾಯ್ಡ್ ಏರುಪೇರು, ಟೆಸ್ಟೋಸ್ಟೆರಾನ್ ಕೊರತೆ, ಪಾರ್ಕಿನ್ಸನ್ ಕಾಯಿಲೆ, ಬೆನ್ನುಹುರಿಯ ಪೆಟ್ಟು, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ – ಇವೆಲ್ಲವೂ ಕಾರಣವಾಗಬಲ್ಲವು. ರಕ್ತದೊತ್ತಡದ ಮತ್ತು ಖಿನ್ನತೆಯ ಕೆಲವು ಮಾತ್ರೆಗಳೂ ಕಾರಣವಾಗುವುದುಂಟು. ಹಾಗೆಂದು ಅವನ್ನು ತಾವಾಗಿಯೇ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು. “ಎಲ್ಲವೂ ಮನಸ್ಸಿನ ಭ್ರಮೆ” ಎನ್ನುವವರಿದ್ದಾರೆ. ಚಿಂತೆಯೂ ಕಾರಣವಾದೀತು, ನಿಜ. ಆದರೆ ದೇಹವನ್ನು ಪರೀಕ್ಷಿಸದೆ ಮನಸ್ಸನ್ನು ದೂರುವುದು ಯಾವ ನ್ಯಾಯ?

ಇನ್ನು ‘ಗುಪ್ತರೋಗ ತಜ್ಞ’ರ ಮಾತು. ಹದಿಹರೆಯದ ಹಸ್ತಮೈಥುನವೇ ಇದಕ್ಕೆಲ್ಲ ಮೂಲವೆಂದು ಹೆದರಿಸಿ ಹಣ ಸುಲಿಯುವವರು ಇವರು. ಅದು ಶುದ್ಧ ಸುಳ್ಳು. ಲೈಂಗಿಕ ದೌರ್ಬಲ್ಯ ಗುಣಪಡಿಸುವೆವೆಂಬ ಜಾಹೀರಾತನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಅವರ ಅಂಗಡಿ ನಡೆಯುತ್ತಿರುವುದು ನಮ್ಮ ಮೌನದ ಬಂಡವಾಳದಿಂದ. ‘ಗಿಡಮೂಲಿಕೆ’ ಎಂದು ಮಾರುವ ಪುಡಿಗಳಲ್ಲಿ ಸಿಲ್ಡೆನಾಫಿಲ್ ಎಂಬ ಔಷಧವನ್ನು ಗುಟ್ಟಾಗಿ ಬೆರೆಸಿದ್ದು ಪರೀಕ್ಷೆಗಳಲ್ಲಿ ಹಲವು ಬಾರಿ ಸಿಕ್ಕಿಬಿದ್ದಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವನು ಅದನ್ನು ತಿಂದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾದೀತು. ಅದೇ ಔಷಧ, ವೈದ್ಯರ ತಪಾಸಣೆಯ ನಂತರ, ಬಹಳ ಮಂದಿಗೆ ಒಳ್ಳೆಯ ಫಲ ನೀಡುತ್ತದೆ.

ಹುಳುಕು ಹಲ್ಲನ್ನು ತೋರಿಸಲು ನಾಚದವರು ಇದಕ್ಕೇಕೆ ನಾಚಬೇಕು? ತೊಂದರೆ ಕೆಲವು ವಾರ ಮುಂದುವರಿದರೆ ವೈದ್ಯರ ಎದುರು ಕುಳಿತು ನೇರವಾಗಿ ಹೇಳಿ. ರಕ್ತದ ಸಕ್ಕರೆ, ಕೊಲೆಸ್ಟರಾಲ್, ರಕ್ತದೊತ್ತಡ, ಹೃದಯ – ಇವನ್ನು ಪರೀಕ್ಷಿಸಲು ಕೇಳಿ. ಗೆಳೆಯನೊಬ್ಬ ನಿಮ್ಮ ಬಳಿ ಹೇಳಿಕೊಂಡರೆ, ನನ್ನಂತೆ ನಗಬೇಡಿ. ಜೊತೆಯಲ್ಲಿ ಹೋಗಿ.

ಅಂದು ಬಿಟ್ಟ ಪಾಠ ಇಷ್ಟೇ. ಇದನ್ನಾದರೂ ಮನೆಯಲ್ಲಿ ಓದಿಕೊಳ್ಳಿ.